ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಳಿಕ ಹಣ್ಣು-ತರಕಾರಿಯ ರಸ: ಎಷ್ಟು ಹಿತ, ಎಷ್ಟು ಅಹಿತ?

ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅರ್ಧ ಡಜನ್ ಮೋಸಂಬಿ, ನಾಲ್ಕು ದಾಳಿಂಬೆ, ಏನೂ ಸಿಗದಿದ್ದರೆ ಎರಡು ಎಳನೀರು ಕೈಯಲ್ಲಿಲ್ಲದೆ ಬೀಗರ ಮನೆಯ ಹೊಸ್ತಿಲು ದಾಟಲು ನಮಗೆ ಸಂಕೋಚವಾಗುತ್ತದೆ. ಹಾಸಿಗೆಯ ಬದಿಯಲ್ಲಿ ಕುಳಿತ ಹಿರಿಯ ತಾಯಿ, "ಒಂದ್ ಗುಟುಕು ಕುಡಿಯವ್ವಾ, ಮೈಯಾಗ ರಕ್ತ ಬರ್ತದ" ಎಂದು ಲೋಟವನ್ನು ತುಟಿಗೆ ಹಿಡಿಯುವುದು ನಾವೆಲ್ಲರೂ ಕಂಡ ದೃಶ್ಯ. ಜ್ವರ ಬಿಟ್ಟವರಿಗೆ, ಬಾಣಂತಿಗೆ, ಮುಪ್ಪಿನವರಿಗೆ, ಯಾರಿಗೇ ಆಗಲಿ ಹಣ್ಣಿನ ರಸವೆಂದರೆ ಔಷಧದ ಸಮಾನವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಆ ಲೋಟದ ಹಿಂದಿರುವ ಅಂತಃಕರಣವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಈ ಲೋಟವೇ ಒಂದು ಬಗೆಯ ರೋಗಿಗಳ ಪಾಲಿಗೆ ಸಂಕಟದ ಮೂಲವಾಗಬಲ್ಲದು. ಅತಿಯಾದ ಬೊಜ್ಜಿನಿಂದ ಬಳಲಿ, ತೂಕ ಇಳಿಸುವ ಸಲುವಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರ ಮಾತನ್ನು ನಾವಿಲ್ಲಿ ಆಡುತ್ತಿದ್ದೇವೆ.

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಬೋನಾಳವೆಂದರೆ ಹೊರಗಿನವರಿಗೆ ನೆನಪಾಗುವುದು ಅಲ್ಲಿನ ಕೆರೆ ಮತ್ತು ಆ ಕೆರೆಗೆ ಬರುವ ಹಕ್ಕಿಗಳು. ಸುರಪುರದ ನಾಯಕ ಅರಸರ ಕಾಲದ ಆ ಕೆರೆಯನ್ನು ರಂಗನತಿಟ್ಟಿನ ನಂತರ ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮವೆಂದು ಹೇಳುವುದುಂಟು. ಇಂತಹ ಊರಿಗೂ ಮಹಾನಗರದ ಆಸ್ಪತ್ರೆಗಳಲ್ಲಿ ನಡೆಯುವ ಇಂತಹ ಚಿಕಿತ್ಸೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಹುಟ್ಟಿದ ಯಾದಗಿರಿ ಜಿಲ್ಲೆಯನ್ನು ಕೇಂದ್ರ ಸರ್ಕಾರವು 2018ರಲ್ಲಿ ರಾಯಚೂರಿನೊಡನೆ ಹಿಂದುಳಿದ ಜಿಲ್ಲೆಗಳ ವಿಶೇಷ ಪಟ್ಟಿಗೆ ಸೇರಿಸಿತು. ಮಕ್ಕಳ ಅಪೌಷ್ಟಿಕತೆಯೇ ಇಲ್ಲಿನ ದೊಡ್ಡ ಚಿಂತೆ. ಅದು ನಿಜ. ಅದರ ಮಗ್ಗುಲಲ್ಲಿಯೇ ಇನ್ನೊಂದು ನಿಜವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಮಹಿಳೆಯರಲ್ಲಿ ಶೇಕಡಾ 24ರಷ್ಟು, ಪುರುಷರಲ್ಲಿ ಶೇಕಡಾ 23ರಷ್ಟು ಜನರು ಇರಬೇಕಾದುದಕ್ಕಿಂತ ಹೆಚ್ಚು ತೂಕದವರು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ ಈ ಸೀಮೆಯ ಹೊಲಗಳು ಗದ್ದೆಗಳಾದವು. ಜೋಳದ ರೊಟ್ಟಿಯ ಜಾಗದಲ್ಲಿ ಬಿಳಿ ಅನ್ನ ಕುಳಿತಿತು. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರು ಸೈಕಲ್ಲಿನಲ್ಲಿ ಹೋಗತೊಡಗಿದರು. ಒಂದೇ ಓಣಿಯಲ್ಲಿ ಎಲುಬು ಕಾಣುವ ಕೂಸೂ, ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದ ಗೃಹಿಣಿಯೂ ಇರುವ ಕಾಲವಿದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. 2022ರ ಮೇ ತಿಂಗಳಿನಲ್ಲಿ ಕನ್ನಡ ಕಿರುತೆರೆಯ ಯುವನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಯ ಬಳಿಕ ತೀರಿಕೊಂಡಾಗ ನಾಡಿನ ತಾಯಂದಿರೆಲ್ಲ ಮರುಗಿದರು. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ ಅಂತಹ ಚಿಕಿತ್ಸೆ ಅಂಗಸೌಷ್ಠವಕ್ಕೆ ಸಂಬಂಧಿಸಿದ್ದು. ನಾವು ಹೇಳುತ್ತಿರುವುದು ಅದಲ್ಲ. ಇದು ಜಠರವನ್ನೇ ಕಿರಿದುಗೊಳಿಸುವ, ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಮುಂತಾದವುಗಳಿಂದ ಬಳಲುವ ಅತಿಬೊಜ್ಜಿನವರಿಗಾಗಿ ಇರುವ ಚಿಕಿತ್ಸೆ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಇದರ ಒಂದು ಬಗೆಯನ್ನು ಆರಂಭಿಸಿದರು. ನಮ್ಮ ದೇಶದಲ್ಲಿ 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಇಂತಹ ಚಿಕಿತ್ಸೆಗೆ ಒಳಗಾದಾಗ ಪತ್ರಿಕೆಗಳ ಮೂಲಕ ಜನಸಾಮಾನ್ಯರಿಗೂ ಇದರ ಹೆಸರು ಕಿವಿಗೆ ಬಿದ್ದಿತು.

ಯಾರಿಗೆ ಇದು ಬೇಕು ಎಂಬುದಕ್ಕೆ ಒಂದು ಅಳತೆಯುಂಟು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ಅಳತೆ. 1991ರಲ್ಲಿ ಅಮೆರಿಕದ ತಜ್ಞರು ಅದು 40ನ್ನು ಮುಟ್ಟಿದವರಿಗೆ, ಇಲ್ಲವೇ 35 ದಾಟಿ ಜೊತೆಗೆ ಬೇರೆ ಗಂಭೀರ ರೋಗವಿರುವವರಿಗೆ ಶಸ್ತ್ರಚಿಕಿತ್ಸೆ ಯೋಗ್ಯವೆಂದರು. 155 ಸೆಂಟಿಮೀಟರ್ ಎತ್ತರದ ಒಬ್ಬ ಹೆಣ್ಣುಮಗಳ ಲೆಕ್ಕದಲ್ಲಿ 40 ಎಂದರೆ ಸುಮಾರು 96 ಕಿಲೋ. 2022ರಲ್ಲಿ ಅಂತಾರಾಷ್ಟ್ರೀಯ ತಜ್ಞ ಸಂಘಗಳು ಈ ಮಿತಿಯನ್ನು ಇಳಿಸಿದವು. ಏಷ್ಯಾದ ಜನರಿಗೆ ಇನ್ನೂ ಕೆಳಗಿಳಿಸಿದವು, ಏಕೆಂದರೆ ನಮ್ಮವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಅಂಟಿಕೊಳ್ಳುತ್ತದೆ. ಆದರೆ 2019ರಲ್ಲಿ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ 40 ಮತ್ತು 35ರ ಹಳೆಯ ಮಿತಿಯೇ ಇತ್ತು. ಖರ್ಚು ಲಕ್ಷಗಳ ಮಾತಾದ್ದರಿಂದ ವಿಮೆ ಇರುವವರು ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು.

ಇನ್ನು ಹೊಟ್ಟೆಯೊಳಗೆ ಆಗುವುದೇನು? ಇಂದು ಹೆಚ್ಚಾಗಿ ನಡೆಯುವ ಒಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಕ್ಕಿದಷ್ಟನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಯಕಾಯಿಯಂತಹ ಒಂದು ಕಿರಿದಾದ ಕೊಳವೆಯಾಗಿ ಹೊಲಿಯುತ್ತಾರೆ. ಹಸಿವನ್ನು ಹುಟ್ಟಿಸುವ ರಸವೊಂದು ತೆಗೆದುಹಾಕಿದ ಭಾಗದಲ್ಲಿಯೇ ಹೆಚ್ಚಾಗಿ ಒಸರುವುದರಿಂದ ಹಸಿವೂ ತಗ್ಗುತ್ತದೆ. ಇನ್ನೊಂದು ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಒಂದು ಪುಟ್ಟ ಚೀಲವನ್ನಷ್ಟೇ ಉಳಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಊಟ ಹಳೆಯ ಹಾದಿಯನ್ನು ಬಿಟ್ಟು ಅಡ್ಡದಾರಿಯಲ್ಲಿ ಸಾಗುತ್ತದೆ. ಕಬ್ಬಿಣ, ಸುಣ್ಣದಂಶಗಳನ್ನು ಹೀರಿಕೊಳ್ಳುವ ಕರುಳಿನ ಭಾಗ ಬದಿಗೆ ಉಳಿಯುತ್ತದೆ.

ಇಲ್ಲಿಯೇ ರಸದ ಪ್ರಶ್ನೆ ಎದುರಾಗುತ್ತದೆ. ಕಿರಿದಾದ ಜಠರ ಗಟ್ಟಿ ಆಹಾರವನ್ನು ತಡೆದು ನಿಲ್ಲಿಸುತ್ತದೆ, ನಾಲ್ಕು ತುತ್ತಿಗೇ ತೃಪ್ತಿ ಕೊಡುತ್ತದೆ. ದ್ರವಕ್ಕೆ ಅಂತಹ ತಡೆಯಿಲ್ಲ. ಜರಡಿ ಕಾಳನ್ನು ಹಿಡಿದೀತು, ನೀರನ್ನು ಹಿಡಿದೀತೇ? ಅರ್ಧ ಪೇರಲಕಾಯಿ ತಿಂದು ಸಾಕೆನ್ನುವ ವ್ಯಕ್ತಿ ಮೂರು ಹಣ್ಣಿನ ರಸವನ್ನು ಮಾತನಾಡುತ್ತಲೇ ಕುಡಿದು ಮುಗಿಸಬಲ್ಲರು. ಲಕ್ಷಗಟ್ಟಲೆ ತೆತ್ತು, ಪ್ರಾಣವನ್ನು ಪಣಕ್ಕಿಟ್ಟು ಗಳಿಸಿದ ಚಿಕಿತ್ಸೆಯ ಫಲವನ್ನು ಲೋಟದ ಮೂಲಕ ಕಳೆದುಕೊಳ್ಳುವುದು ಹೀಗೆ.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ ನಮ್ಮ ಸೀಮೆಗೆ ದೂರದ್ದೇನಲ್ಲ. ಅದರ ತಜ್ಞರು 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯಲ್ಲಿ, ರಸಕ್ಕಿಂತ ಇಡೀ ಹಣ್ಣೇ ಮೇಲೆಂದೂ, 100 ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆಯಿದೆಯೆಂದೂ ಹೇಳಿ, ಅದನ್ನು ಆದಷ್ಟು ಮಿತಗೊಳಿಸುವಂತೆ ಸೂಚಿಸಿದ್ದಾರೆ. ಬಸ್ ನಿಲ್ದಾಣದ ಗಾಣದಲ್ಲಿ ಕೊಡುವ 200 ಮಿಲಿಲೀಟರಿನ ಒಂದು ಲೋಟವೆಂದರೆ 26ರಿಂದ 30 ಗ್ರಾಂ ಸಕ್ಕರೆ. ಅದೇ ಮಾರ್ಗದರ್ಶಿ ವಯಸ್ಕರೊಬ್ಬರಿಗೆ ಇಡೀ ದಿನಕ್ಕೆ ಹಾಕಿದ ಸಕ್ಕರೆಯ ಮಿತಿಯೇ ಸುಮಾರು ಅಷ್ಟು. ವಿಶ್ವ ಆರೋಗ್ಯ ಸಂಸ್ಥೆಯಂತೂ 2015ರಲ್ಲಿಯೇ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು, ಡಬ್ಬದಿಂದ ಚಮಚದಲ್ಲಿ ತೆಗೆದು ಹಾಕಿದ ಸಕ್ಕರೆಯ ಸಾಲಿಗೇ ಸೇರಿಸಿತು. "ನಾವು ಸಕ್ಕರಿ ಹಾಕಂಗಿಲ್ರಿ, ಬರೇ ಹಣ್ಣಿನ ರಸ" ಎಂಬ ಸಮಾಧಾನ ಶಸ್ತ್ರಚಿಕಿತ್ಸೆಯಾದವರ ಮಟ್ಟಿಗೆ ಅಷ್ಟೇನೂ ಗಟ್ಟಿಯಲ್ಲ.

ಸಕ್ಕರೆ ಹೀಗೆ ಒಮ್ಮೆಲೇ ಕರುಳಿಗೆ ಧುಮುಕಿದಾಗ ಆಗುವ ಸಂಕಟವನ್ನು ಮನೆಯವರು ತಿಳಿದಿರಲೇಬೇಕು. ಅಡ್ಡದಾರಿಯ ಶಸ್ತ್ರಚಿಕಿತ್ಸೆಯಾದವರಲ್ಲಿ ಇದು ಹೆಚ್ಚು. ರಸ ಕುಡಿದು ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡಿದಂತಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಭೇದಿಯಾಗುತ್ತದೆ, ಮಲಗಿಬಿಡೋಣವೆನ್ನಿಸುತ್ತದೆ. ಇದು ಮೊದಲ ಬಗೆ. ಎರಡನೆಯ ಬಗೆ ಇದಕ್ಕಿಂತ ಕಪಟಿ. ಒಮ್ಮೆಗೇ ಏರಿದ ಸಕ್ಕರೆಯನ್ನು ಇಳಿಸಲು ದೇಹ ಇನ್ಸುಲಿನನ್ನು ಅತಿಯಾಗಿ ಸುರಿಸುತ್ತದೆ. ಒಂದರಿಂದ ಮೂರು ಗಂಟೆಗಳ ಬಳಿಕ ರಕ್ತದ ಸಕ್ಕರೆ ಕುಸಿದು, ಕೈಕಾಲು ನಡುಗಿ, ಕಣ್ಣು ಮಂಜಾಗಿ, ತಲೆ ಸುತ್ತುತ್ತದೆ.

ಆಗ ಮನೆಯಲ್ಲಿ ನಡೆಯುವುದನ್ನು ಊಹಿಸಿಕೊಳ್ಳಿ. ಸೊಸೆ ಬೆಳಿಗ್ಗೆ ಒಂಬತ್ತಕ್ಕೆ ಮೋಸಂಬಿ ರಸ ಕುಡಿದಿದ್ದಾಳೆ. ಹನ್ನೊಂದಕ್ಕೆ ಪಡಸಾಲೆಯಲ್ಲಿ ಕುಸಿದು ಕೂರುತ್ತಾಳೆ. ಅತ್ತೆ ಗಾಬರಿಗೊಂಡು, "ಅನ್ನ ಬಿಟ್ಟು ನಿಶ್ಶಕ್ತಿ ಆಗ್ಯಾಳ" ಎಂದು ಮತ್ತೊಂದು ಲೋಟ ಶರಬತ್ತು ಕೊಡುತ್ತಾರೆ. ಐದು ನಿಮಿಷದಲ್ಲಿ ಸೊಸೆ ಚೇತರಿಸಿಕೊಳ್ಳುತ್ತಾಳೆ. ಶರಬತ್ತಿನ ಗುಣ ಸಿದ್ಧವಾದಂತಾಯಿತು! ಆದರೆ ಆ ಶರಬತ್ತೇ ಮಧ್ಯಾಹ್ನದ ಒಂದು ಗಂಟೆಗೆ ಮತ್ತೊಂದು ಕುಸಿತವನ್ನು ತರುತ್ತದೆ. ಓಣಿಯವರು ದೃಷ್ಟಿ ತೆಗೆಯಿರಿ ಎನ್ನುತ್ತಾರೆ. ಬೆಳಗಿನ ಲೋಟದ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಸಕ್ಕರೆ ನಿಜವಾಗಿಯೂ ಕುಸಿದ ಗಳಿಗೆಯಲ್ಲಿ ತುಸು ಸಿಹಿ ಕೊಡಬೇಕಾದುದು ಸರಿ. ಆದರೆ ಬೆನ್ನಿಗೇ ಒಂದಿಷ್ಟು ಮೊಸರೋ ಬೇಳೆಯೋ ಹೊಟ್ಟೆಗೆ ಬೀಳಬೇಕು, ಮರುದಿನದಿಂದ ಆ ರಸ ನಿಲ್ಲಬೇಕು, ಮತ್ತು ಈ ಸಂಗತಿ ವೈದ್ಯರ ಕಿವಿಗೆ ಮುಟ್ಟಬೇಕು. ಮಧುಮೇಹದ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಅವುಗಳ ಪ್ರಮಾಣವೇ ಬದಲಾಗುವುದರಿಂದ ಅವರು ಇಮ್ಮಡಿ ಎಚ್ಚರದಿಂದಿರಬೇಕು.

ಹಣ್ಣಿನ ಸಿಹಿ ಬೇಡವೆಂದರೆ ತರಕಾರಿಯ ಹಸಿರು ರಸವಾಗಲಿ ಎನ್ನುವವರಿದ್ದಾರೆ. ಪಾಲಕ್, ಬೀಟ್‌ರೂಟ್, ಗಜ್ಜರಿಗಳನ್ನು ಮಿಕ್ಸರಿಗೆ ಹಾಕಿ ಮುಂಜಾನೆ ಬರಿಹೊಟ್ಟೆಯಲ್ಲಿ ಕುಡಿಯುವ ರೂಢಿ ಪಟ್ಟಣಗಳಿಂದ ಈಗ ಹಳ್ಳಿಗಳಿಗೂ ಬಂದಿದೆ. 2018ರಲ್ಲಿ ಅಮೆರಿಕದ ಒಂದು ಮೂತ್ರಪಿಂಡ ರೋಗಗಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಕರಣವೊಂದನ್ನು ಇಲ್ಲಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. 65 ವರ್ಷದ ಒಬ್ಬ ಮಹಿಳೆ. ಬಹಳ ಹಿಂದೆ ಜಠರದ ಅಡ್ಡದಾರಿಯ ಶಸ್ತ್ರಚಿಕಿತ್ಸೆಯಾಗಿತ್ತು. ಮೂತ್ರಪಿಂಡಗಳು ಸುಸ್ಥಿತಿಯಲ್ಲಿದ್ದವು. ದೀರ್ಘಕಾಲ ಪ್ರತಿಜೀವಕ ಔಷಧ ಸೇವಿಸಿದ್ದರು. ಆಮೇಲೆ ದೇಹಶುದ್ಧಿಗೆಂದು ಹಸಿರು ಸೊಪ್ಪಿನ ರಸ ಕುಡಿಯತೊಡಗಿದರು. ಆಕೆಯ ಮೂತ್ರಪಿಂಡಗಳಲ್ಲಿ ಆಕ್ಸಲೇಟ್ ಎಂಬ ಲವಣದ ಹರಳುಗಳು ತುಂಬಿಕೊಂಡು ಅವು ಶಾಶ್ವತವಾಗಿ ಕೈಕೊಟ್ಟವು.

ಇದೇಕೆ ಹೀಗೆ? ಪಾಲಕ್, ರಾಜಗಿರಿ, ಬೀಟ್‌ರೂಟ್ ಮುಂತಾದವುಗಳಲ್ಲಿ ಆಕ್ಸಲೇಟ್ ಹೇರಳ. ಸಾಧಾರಣವಾಗಿ ಊಟದಲ್ಲಿರುವ ಸುಣ್ಣದಂಶ ಅದನ್ನು ಕರುಳಿನಲ್ಲಿಯೇ ಕಟ್ಟಿಹಾಕಿ ಮಲದೊಡನೆ ಹೊರಗೆ ಕಳುಹಿಸುತ್ತದೆ. ಅಡ್ಡದಾರಿಯ ಶಸ್ತ್ರಚಿಕಿತ್ಸೆಯಾದವರಲ್ಲಿ ಕೊಬ್ಬು ಪೂರ್ತಿ ಜೀರ್ಣವಾಗುವುದಿಲ್ಲ. ಸುಣ್ಣದಂಶ ಆ ಕೊಬ್ಬಿಗೆ ಅಂಟಿಕೊಂಡುಬಿಡುತ್ತದೆ. ಕಟ್ಟುವವರಿಲ್ಲದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹರಿಯುತ್ತದೆ. ಸೊಪ್ಪನ್ನು ಬೇಯಿಸಿ ನೀರು ಬಸಿದರೆ ಆಕ್ಸಲೇಟಿನ ಒಂದು ಪಾಲು ಆ ನೀರಿನೊಂದಿಗೆ ಹೋಗುತ್ತದೆ. ಹಸಿಯಾಗಿ ಅರೆದು ಕುಡಿದರೆ ಅಷ್ಟೂ ಒಳಗೇ. ಅಲ್ಲದೆ ಪಲ್ಯವಾಗಿ ಒಂದು ಹಿಡಿ ತಿನ್ನುವಲ್ಲಿ ರಸವಾಗಿ ಒಂದು ಸಿವುಡು ಹೊಟ್ಟೆ ಸೇರುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ, ಬೆವರಿನಲ್ಲಿಯೇ ಮೈಯ ನೀರು ಬತ್ತುವ ನಮ್ಮ ಸೀಮೆಯಲ್ಲಿ ಮೂತ್ರದ ಕಲ್ಲಿನ ತೊಂದರೆಯನ್ನು ಕಾಣದ ಊರಿಲ್ಲ. ಆದ್ದರಿಂದ ಈ ಎಚ್ಚರಿಕೆ ಅಮೆರಿಕಕ್ಕಿಂತ ಬೋನಾಳಕ್ಕೇ ಹೆಚ್ಚು ಸಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸೋರೆಕಾಯಿಯ ರಸದ ಬಗೆಗೂ ಒಂದು ಮಾತು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾದ ಸೋರೆಕಾಯಿ ರಸ ಕುಡಿದು ಅಸುನೀಗಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ತಜ್ಞರ ಸಮಿತಿಯನ್ನೇ ನೇಮಿಸಿತು. ಸೋರೆ, ಸೌತೆಯ ಕುಲದ ಕಾಯಿಗಳಲ್ಲಿ ಕೆಲವೊಮ್ಮೆ ಹುಟ್ಟುವ ಕಹಿ ವಿಷವೇ ಅಲ್ಲಿನ ಕಾರಣ. ನಮ್ಮ ಅಜ್ಜಿಯರು ಸೌತೆಕಾಯಿಯ ತುದಿ ಕೊಯ್ದು ರುಚಿ ನೋಡಿ ಕಹಿಯಾದುದನ್ನು ಬಿಸಾಡುತ್ತಿದ್ದರು. ಅವರು ಯಾವ ಪ್ರಯೋಗಶಾಲೆಯನ್ನೂ ಕಂಡವರಲ್ಲ. ಔಷಧವೆಂದರೆ ಕಹಿಯಾಗಿಯೇ ಇರಬೇಕೆಂದು ಮೂಗು ಮುಚ್ಚಿ ಕುಡಿಯುವ ನಾವು ಆ ಎಚ್ಚರವನ್ನು ಮರೆತಿದ್ದೇವೆ. ಕಾಯಿ ಕಹಿಯಾಗಿದ್ದರೆ ಶಸ್ತ್ರಚಿಕಿತ್ಸೆಯಾದವರೇನು, ಆರೋಗ್ಯವಂತರೂ ಮುಟ್ಟಬಾರದು. ಮೆಣಸಿನಕಾಯಿ, ಹತ್ತಿಗಳಿಗೆ ಔಷಧ ಹೊಡೆಯುವ ಹೊಲಗಳ ಮಗ್ಗುಲಲ್ಲಿ ಬೆಳೆದ ತರಕಾರಿಯನ್ನು ಹಸಿಯಾಗಿ ಬಳಸುವಾಗ ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಹಾಗಾದರೆ ರಸಕ್ಕೆ ಸ್ಥಾನವೇ ಇಲ್ಲವೇ? ಇದೆ, ಆದರೆ ಚಿಕ್ಕದು. ಶಸ್ತ್ರಚಿಕಿತ್ಸೆಯ ಮರುದಿನದಿಂದ ಒಂದೆರಡು ದಿನ ತಿಳಿಯಾದ ದ್ರವ ಮಾತ್ರ. ಅನಂತರ ಸುಮಾರು ಎರಡು ವಾರ ಮಜ್ಜಿಗೆ, ಹಾಲು, ಸೋಸಿದ ಬೇಳೆಕಟ್ಟಿನಂತಹ ದ್ರವಗಳು. ಆಮೇಲೆ ಎರಡು ವಾರ ನುಣ್ಣಗೆ ಅರೆದ ಆಹಾರ. ಅದರ ಬಳಿಕ ಮೆತ್ತನೆಯದು, ಎಂಟು ವಾರಗಳ ಸುಮಾರಿಗೆ ಮನೆಯ ಸಾಧಾರಣ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದರಲ್ಲಿ ತುಸು ವ್ಯತ್ಯಾಸವಿರುವುದರಿಂದ ತಮ್ಮ ವೈದ್ಯರು ಬರೆದುಕೊಟ್ಟುದೇ ಪ್ರಮಾಣ. ಈ ಮೊದಲ ದಿನಗಳಲ್ಲಿ ವೈದ್ಯರು ಒಪ್ಪಿದರೆ ಹಣ್ಣಿನ ರಸವನ್ನು ಬಟ್ಟೆಯಲ್ಲಿ ಸೋಸಿ, ಸಮನಾಗಿ ಅಥವಾ ಅದಕ್ಕೂ ಹೆಚ್ಚು ನೀರು ಬೆರೆಸಿ, ಗುಟುಕು ಗುಟುಕಾಗಿ ಕೊಡಬಹುದು. ಹಲ್ಲಿಗೆ ಕೆಲಸ ಕೊಡಬಹುದಾದ ದಿನ ಬಂದ ಮೇಲೆ ರಸವನ್ನು ಬಿಟ್ಟು ಹಣ್ಣಿಗೆ ಬರಬೇಕು. ಮೊದಲು ಪಪ್ಪಾಯಿ, ಬಾಳೆಹಣ್ಣಿನಂತಹ ಮೆತ್ತನೆಯವು, ತಡವಾಗಿ ಸಿಪ್ಪೆ ತೆಗೆದ ಸೇಬು, ಬೀಜ ಬಿಡಿಸಿದ ಪೇರಲ. ಕಿತ್ತಳೆ-ಮೋಸಂಬಿಗಳ ತೊಳೆಯ ಮೇಲಿನ ಪೊರೆ ಕಿರಿದಾದ ಜಠರದಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಪೊರೆ ಸುಲಿದು ತಿನ್ನುವುದು ಲೇಸು.

ಒಂದೇ ಒಂದು ರಸವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಅದು ಲಿಂಬೆಯದು. ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆ ಹೆಸರುವಾಸಿ. ಸಕ್ಕರೆಯಿಲ್ಲದೆ, ಚಿಟಿಕೆ ಉಪ್ಪು ಹಾಕಿ, ನೀರು ಹೆಚ್ಚಾಗಿ ಬೆರೆಸಿದ ಲಿಂಬೆಯ ಪಾನಕ ಬಾಯಾರಿಕೆಗೆ ಒಳ್ಳೆಯದು. ಅದರಲ್ಲಿರುವ ಸಿಟ್ರೇಟ್ ಮೂತ್ರದ ಕಲ್ಲನ್ನು ತಡೆಯಲು ನೆರವಾಗುತ್ತದೆ. ಕಬ್ಬಿಣದ ಗುಳಿಗೆಯನ್ನು ಚಹಾದೊಡನೆ ನುಂಗುವ ಬದಲು ಈ ನೀರಿನೊಡನೆ ನುಂಗಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಹೊಟ್ಟೆಯಲ್ಲಿ ಉರಿಯಿರುವವರು ಮಾತ್ರ ವೈದ್ಯರನ್ನು ಕೇಳಬೇಕು.

ಆಸ್ಪತ್ರೆಯವರು ಕೊಡುವ ಆಹಾರದ ಚೀಟಿ ಇಂಗ್ಲಿಷಿನಲ್ಲಿರುವುದೇ ಹೆಚ್ಚು. ಅದರಲ್ಲಿ ಬರೆದ ಸೂಪುಗಳ ಹೆಸರನ್ನು ಓದಿ ಸುರಪುರದ ಸಂತೆಯಲ್ಲಿ ಹುಡುಕಿದರೆ ಸಿಗುವುದೇನು? ಹಾಗೆಂದು ಚಿಂತಿಸಬೇಕಿಲ್ಲ. ನಮ್ಮ ಅಡುಗೆಮನೆಯಲ್ಲಿಯೇ ಎಲ್ಲವೂ ಇದೆ. ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ ಸೋಸಿದ ಕಟ್ಟು, ಬೆಣ್ಣೆ ತೆಗೆದ ಮಜ್ಜಿಗೆ, ಜೋಳದ ಹಿಟ್ಟನ್ನು ತೆಳ್ಳಗೆ ಕುದಿಸಿ ಮಜ್ಜಿಗೆ ಬೆರೆಸಿದ ಅಂಬಲಿ, ಮುಂದೆ ಜೋಳದ ನುಚ್ಚು, ಹೀರೇಕಾಯಿ ಹಾಕಿ ಬೇಯಿಸಿ ಅರೆದ ಬೇಳೆ. ಖಡಕ್ ರೊಟ್ಟಿ ಮಾತ್ರ ಕೆಲವು ತಿಂಗಳು ದೂರ. ಬಿಸಿರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ, ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿದು ನುಂಗುವುದನ್ನು ಕಲಿಯಬೇಕು.

ಇಲ್ಲಿ ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಮಾತಿದೆ. ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಬೇಕೆಂದು ವೈದ್ಯರು ಹೇಳುತ್ತಾರೆ. 100 ಮಿಲಿಲೀಟರ್ ಮೋಸಂಬಿ ರಸದಲ್ಲಿ ಅದು ಒಂದು ಗ್ರಾಂ ಕೂಡ ಇಲ್ಲ. ಅಷ್ಟೇ ಹಾಲಿನಲ್ಲಿ 3 ಗ್ರಾಂಗೂ ಹೆಚ್ಚು; 100 ಗ್ರಾಂ ಒಣಬೇಳೆಯಲ್ಲಿ 22ರಿಂದ 24, ಶೇಂಗಾದಲ್ಲಿ ಸುಮಾರು 25, ಸೋಯಾದಲ್ಲಿ 36ಕ್ಕೂ ಮಿಗಿಲು. ಹೊಟ್ಟೆಯಲ್ಲಿರುವ ಜಾಗವೇ ಒಂದು ಚಿಕ್ಕ ಬಟ್ಟಲಿನಷ್ಟು. ಆ ಜಾಗವನ್ನು ರಸಕ್ಕೆ ಕೊಟ್ಟರೆ ಬೇಳೆಗೆ ಎಡೆಯೆಲ್ಲಿ? ಮೂರರಿಂದ ಆರು ತಿಂಗಳ ನಡುವೆ ಅನೇಕರಿಗೆ ಕೂದಲು ಉದುರುತ್ತದೆ. ಶರೀರ ಒಮ್ಮೆಲೇ ಇಳಿದುದರ ಪರಿಣಾಮವದು, ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಸಸಾರಜನಕ, ಕಬ್ಬಿಣಗಳ ಕೊರತೆಯಿದ್ದರೆ ಹೆಚ್ಚುತ್ತದೆ. "ಉಷ್ಣ ಆಗ್ಯದ" ಎಂದು ಮನೆಯವರು ತಂಪಿನ ರಸವನ್ನು ಹೆಚ್ಚಿಸಿದರೆ ಬೇಳೆ ಇನ್ನಷ್ಟು ಕಡಿಮೆಯಾಗಿ ಕೂದಲು ಇನ್ನಷ್ಟು ಉದುರುತ್ತದೆ.

ಬಿ12 ಎಂಬ ಜೀವಸತ್ವವು ಸಸ್ಯಮೂಲದ ಆಹಾರದಲ್ಲಿ ಇಲ್ಲವೆಂದೇ ಹೇಳಬೇಕು. ಹಾಲು-ಮೊಸರಿನಿಂದ ನಮಗೆ ಸಿಗುವ ಅಲ್ಪಸ್ವಲ್ಪವನ್ನು ಹೀರಿಕೊಳ್ಳಲೂ ಜಠರದ ನೆರವು ಬೇಕು; ಆ ಜಠರವೇ ಈಗ ಕಿರಿದಾಗಿದೆ. ಇದರ ಕೊರತೆಯಿಂದ ರಕ್ತಹೀನತೆಯಷ್ಟೇ ಅಲ್ಲ, ಕೈಕಾಲು ಜೋಮು, ಮರೆವು, ನಡಿಗೆಯಲ್ಲಿ ತೂಗಾಟ ಉಂಟಾಗಬಹುದು. ಆದ್ದರಿಂದ ಬಿ12, ಕಬ್ಬಿಣ, ಸುಣ್ಣದಂಶ, ಡಿ ಜೀವಸತ್ವಗಳ ಗುಳಿಗೆಗಳನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕಾಗುತ್ತದೆ. ಎಷ್ಟೇ ಲೋಟ ಹಣ್ಣಿನ ರಸವೂ ಅವುಗಳಿಗೆ ಬದಲಿಯಲ್ಲ. ಕಬ್ಬಿಣದ ಗುಳಿಗೆಗೂ ಸುಣ್ಣದ ಗುಳಿಗೆಗೂ ನಡುವೆ ಎರಡು ಗಂಟೆಯ ಅಂತರವಿರಲಿ. ರಕ್ತಪರೀಕ್ಷೆ ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ತೂಕ ಇಳಿದು ಚೆನ್ನಾಗಿದ್ದೇವೆಂದು ಎರಡನೆಯ ವರ್ಷವೇ ಗುಳಿಗೆ ಬಿಡುವವರೇ ಹೆಚ್ಚು ತೊಂದರೆಗೆ ಸಿಲುಕುವುದು.

ಜಾತ್ರೆಯ ದಾಸೋಹ, ಮದುವೆಯ ಪಂಕ್ತಿ, ಶ್ರಾವಣದ ಹೋಳಿಗೆ ಊಟಗಳ ನಾಡು ನಮ್ಮದು. ಬಡಿಸುವವರು ಕೈ ಬಿಗಿಹಿಡಿಯುವುದು ಇಲ್ಲಿ ಅವಮಾನ, ಎಲೆಯಲ್ಲಿ ಪ್ರಸಾದ ಬಿಡುವುದು ಅಪರಾಧ. ಇವೆರಡರ ನಡುವೆ ಸಿಕ್ಕ ಶಸ್ತ್ರಚಿಕಿತ್ಸಿತರ ಪಾಡನ್ನು ಯೋಚಿಸಿರಿ. ಅವರು ಉಣ್ಣಲು ಕುಳಿತಾಗ ಮೊದಲೇ ಒಂದು ಸೌಟು ಸಾಕೆಂದರೆ ಮತ್ತೊಮ್ಮೆ ಒತ್ತಾಯಿಸದಿರುವುದೇ ಬಡಿಸುವವರ ದೊಡ್ಡತನ. ಊಟದ ನಡುವೆ ನೀರು, ಪಾನಕ ಕೊಡುವುದೂ ಸಲ್ಲದು. ಊಟವಾಗಿ ಅರ್ಧ ಗಂಟೆ ಕಳೆಯಲಿ. ದಿನವಿಡೀ ಒಂದೂವರೆಯಿಂದ ಎರಡು ಲೀಟರ್ ನೀರು ಗುಟುಕು ಗುಟುಕಾಗಿ ಹೊಟ್ಟೆ ಸೇರಬೇಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ಒಂದು ತಂಬಿಗೆಯನ್ನು ಸದಾ ಕೈಗೆಟಕುವಂತೆ ಇಟ್ಟುಕೊಳ್ಳುವುದೇ ಉಪಾಯ.

ಸೊಸೆಯಂದಿರ ವಿಷಯದಲ್ಲಿ ಮನೆಯ ಹಿರಿಯರಿಗೆ ಒಂದು ವಿನಂತಿ. ತೂಕ ಇಳಿದ ಮೇಲೆ ಗರ್ಭ ನಿಲ್ಲುವ ಸಂಭವ ಹೆಚ್ಚುತ್ತದೆ. ಮಕ್ಕಳಾಗಲೆಂದೇ ಈ ಚಿಕಿತ್ಸೆಗೆ ಒಪ್ಪುವ ಕುಟುಂಬಗಳೂ ಉಂಟು. ಆದರೆ ಶಸ್ತ್ರಚಿಕಿತ್ಸೆಯ ಬಳಿಕ 12ರಿಂದ 18 ತಿಂಗಳವರೆಗೆ ಗರ್ಭಧಾರಣೆ ಬೇಡವೆಂಬುದು ವೈದ್ಯರ ಖಚಿತ ಸಲಹೆ. ತಾಯಿಯೇ ಕರಗುತ್ತಿರುವ ಕಾಲದಲ್ಲಿ ಕೂಸಿಗೆ ಪೋಷಣೆ ಸಾಲದು. ಬಸಿರಾದರೆ ಗಜ್ಜರಿ ರಸ, ದಾಳಿಂಬೆ ರಸ ಕೊಟ್ಟು ಸರಿದೂಗಿಸುತ್ತೇವೆಂಬುದು ಆಗದ ಮಾತು. "ಏನೂ ವಿಶೇಷ ಇಲ್ಲೇನವ್ವಾ?" ಎಂಬ ಪ್ರಶ್ನೆಯನ್ನು ಒಂದೂವರೆ ವರ್ಷ ಮುಂದಕ್ಕೆ ಹಾಕುವ ಔದಾರ್ಯವನ್ನು ಹಿರಿಯರು ತೋರಬೇಕು.

ಕೊನೆಯದಾಗಿ ಅಪಾಯದ ಸೂಚನೆಗಳು. ಮೊದಲ ಕೆಲವು ವಾರಗಳಲ್ಲಿ ಜ್ವರ, ನಿಲ್ಲದ ಹೊಟ್ಟೆನೋವು, ಕುಳಿತಲ್ಲಿಯೇ ಎದೆಬಡಿತ ಏರುವುದು, ಉಸಿರಾಟದ ತೊಂದರೆ ಕಂಡರೆ ಹೊಲಿಗೆ ಬಿಟ್ಟಿರುವ ಶಂಕೆಯಿದೆ. ಮನೆಮದ್ದಿಗೆ ಕಾಯದೆ 108 ವಾಹನ ಕರೆಸಬೇಕು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅದೇ ಗಳಿಗೆಯಲ್ಲಿ ದೂರವಾಣಿ ಮಾಡಬೇಕು. ಬೋನಾಳದಿಂದ ಕಲಬುರಗಿಗೇ ನೂರು ಕಿಲೋಮೀಟರಿನ ದಾರಿ. ಹೈದರಾಬಾದು, ಬೆಂಗಳೂರುಗಳು ಇನ್ನೂ ದೂರ. ಇನ್ನೊಂದು ಸೂಚನೆ, ಹಲವು ದಿನ ಬಿಡದ ವಾಂತಿ. ಏನೂ ನಿಲ್ಲುತ್ತಿಲ್ಲವೆಂದು ಮನೆಯವರು ಬರೀ ರಸದ ಮೇಲೆ ದಿನ ತಳ್ಳುತ್ತಾರೆ. ಆಗ ಬಿ1 ಎಂಬ ಜೀವಸತ್ವ ಕೆಲವೇ ವಾರಗಳಲ್ಲಿ ಬರಿದಾಗಿ, ಕಣ್ಣುಗುಡ್ಡೆ ಅದುರುವುದು, ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು ಆರಂಭವಾಗಬಹುದು. ಇದು ಮೆದುಳಿಗೆ ತಟ್ಟುವ ಕೇಡು. ಇಂತಹ ಸ್ಥಿತಿಯಲ್ಲಿ ಬಿ1 ಚುಚ್ಚುಮದ್ದು ಕೊಡದೆ ಗ್ಲೂಕೋಸಿನ ಬಾಟಲಿ ಏರಿಸಿದರೆ ಕೇಡು ಇನ್ನೂ ಉಲ್ಬಣಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ನಿಶ್ಶಕ್ತಿಯೆಂದರೆ ಮೊದಲು ಆಗುವ ಕೆಲಸವೇ "ಒಂದ್ ಸಲಾಯಿನ್ ಹಚ್ರಿ ಡಾಕ್ಟರ್ ಸಾಹೇಬ್ರ" ಎಂಬುದಲ್ಲವೇ? ಆ ಮಾತಿಗೆ ಮುನ್ನ, ಇವರಿಗೆ ಜಠರದ ಶಸ್ತ್ರಚಿಕಿತ್ಸೆಯಾಗಿದೆ, ಇಂಥ ದಿನ, ಇಂಥ ವಿಧಾನದಲ್ಲಿ ಎಂದು ಹೇಳಬೇಕು. ಹೇಳಲು ಜೊತೆಯಲ್ಲಿ ತಿಳಿದವರು ಇಲ್ಲದಿರಬಹುದಾದ್ದರಿಂದ, ಆ ಮೂರು ಸಂಗತಿಗಳನ್ನೂ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು, ಗುಳಿಗೆಯ ಡಬ್ಬಿಯಲ್ಲಿ ಒಂದು, ಕೈಚೀಲದಲ್ಲಿ ಒಂದು ಇಟ್ಟಿರಬೇಕು.